ಉಂಬಳಿ ಹೋಯಿತು, ಅನುದಾನ ಬಂತು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಒಂದು ಹೋಬಳಿ ಕೇಂದ್ರ. ತೆಂಗು, ಅಡಿಕೆ, ರಾಗಿ ಈ ಸೀಮೆಯ ಜೀವಾಳ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಯ ದಿನಗಳು ಬಂದವೆಂದರೆ ಪೌರಾಣಿಕ ನಾಟಕಗಳ ಕರಪತ್ರಗಳೂ ಬಂದವೆಂದೇ ಅರ್ಥ. ಅವುಗಳಲ್ಲಿ ಮೊದಲ ಸ್ಥಾನ 'ಕುರುಕ್ಷೇತ್ರ'ದ್ದು. ಕೃಷ್ಣ ಯಾರು, ದುರ್ಯೋಧನ ಯಾರು, ಹಾರ್ಮೋನಿಯಂ ಮಾಸ್ತರು ಯಾರು, ಡ್ರಾಮಾ ಸೀನರಿ ಎಲ್ಲಿಯದು ಎಂಬ ವಿವರವೆಲ್ಲ ಕರಪತ್ರದಲ್ಲಿರುತ್ತದೆ. ಇಲ್ಲದಿರುವುದು ಒಂದೇ ಸಂಗತಿ. ಈ ಪಾತ್ರಧಾರಿಗಳು ಹಣ ಪಡೆದು ಬಣ್ಣ ಹಚ್ಚುವವರಲ್ಲ. ಹಣ ಕೊಟ್ಟು ಬಣ್ಣ ಹಚ್ಚುವವರು.

ಕಲೆಯನ್ನು ಸಾಕುವವರು ಯಾರು ಎಂಬ ಪ್ರಶ್ನೆ ಎದ್ದಾಗಲೆಲ್ಲ ಹಿಂದೆ ರಾಜರಿದ್ದರು, ಈಗ ಸರ್ಕಾರವಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಸುಳ್ಳಲ್ಲ. ಆದರೆ ರಾಜ ಕೊಟ್ಟದ್ದೇನು, ಸರ್ಕಾರ ಕೊಡುತ್ತಿರುವುದೇನು, ಇವೆರಡರ ನಡುವೆ ಜನರು ತಾವೇ ಕೊಟ್ಟುಕೊಂಡದ್ದೇನು ಎಂದು ಬಿಡಿಸಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಅದನ್ನು ನೋಡಲು ತೆಂಗಿನ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ರಂಗಭೋಗದ ಕಾಲ

ಕನ್ನಡದ ಶಾಸನಗಳಲ್ಲಿ 'ಅಂಗಭೋಗ ರಂಗಭೋಗ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದೇವರ ಅಭಿಷೇಕ, ಅಲಂಕಾರ, ನೈವೇದ್ಯಗಳು ಅಂಗಭೋಗ. ದೇವರೆದುರಿನ ಹಾಡು, ವಾದ್ಯ, ನೃತ್ಯಗಳು ರಂಗಭೋಗ. ಇವೆರಡಕ್ಕೂ ಒಟ್ಟಿಗೆ ಭೂಮಿ ಬಿಡುವುದು ರೂಢಿ. ಗದ್ದೆ, ತೋಟ, ಕೆಲವು ಸಲ ಇಡೀ ಊರಿನ ಹುಟ್ಟುವಳಿಯೇ ದೇವಾಲಯಕ್ಕೆ ಸಲ್ಲುತ್ತಿತ್ತು. ಅದರಲ್ಲಿ ಒಂದು ಪಾಲು ನಟ್ಟುವನಿಗೆ, ಮದ್ದಳೆಯವನಿಗೆ, ಪಾತ್ರದವರಿಗೆ ಹೋಗುತ್ತಿತ್ತು. ಕಲೆಗೆ ರಾಜ್ಯ ಕೊಟ್ಟ ಮೊದಲ ಬೆಂಬಲ ನಾಣ್ಯದ ರೂಪದಲ್ಲಿರಲಿಲ್ಲ, ಮಣ್ಣಿನ ರೂಪದಲ್ಲಿತ್ತು.

ಈ ಸೀಮೆಯಲ್ಲೇ ಅದರ ಗುರುತುಗಳಿವೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಗಂಗ–ನೊಳಂಬರ ಕಾಲದ ಕಲ್ಲೇಶ್ವರ ದೇವಾಲಯವಿದೆ. ಅದರ ಒಳಚಾವಣಿಯ ನಡುವೆ ಶಿವ ಕುಣಿಯುತ್ತಾನೆ, ಸುತ್ತ ದಿಕ್ಪಾಲಕರಿದ್ದಾರೆ. ತಿಪಟೂರಿಗೆ ಹತ್ತಿರದ ನುಗ್ಗೇಹಳ್ಳಿಯಲ್ಲಿ ಹೊಯ್ಸಳ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿದಂತೆಯೇ ಕೆತ್ತಿದ ಮಲ್ಲಿತಮ್ಮ, ಬೈಚೋಜರ ಹೆಸರೂ ವಿಗ್ರಹಗಳ ಪೀಠದಲ್ಲಿ ಉಳಿದಿದೆ. ಹಣ ಕೊಟ್ಟವನೂ ಕೈ ಕೆಲಸ ಮಾಡಿದವನೂ ಒಂದೇ ಗೋಡೆಯ ಮೇಲೆ ನೆನಪಾಗುವ ಈ ಕ್ರಮ ಹೊಯ್ಸಳ ಶಿಲ್ಪದ ಒಂದು ಹಿರಿಮೆ.

ಭೂಮಿಯ ಬೆಂಬಲಕ್ಕೆ ಒಂದು ಗುಣವಿತ್ತು. ಅದು ವರ್ಷವರ್ಷ ಅರ್ಜಿ ಹಾಕಿ ಪಡೆಯಬೇಕಾದದ್ದಲ್ಲ. ರಾಜ ಬದಲಾದರೂ, ಹೊಯ್ಸಳರು ಹೋಗಿ ವಿಜಯನಗರದವರು ಬಂದರೂ, ಆಮೇಲೆ ಹಾಗಲವಾಡಿ ನಾಯಕರಂಥ ಪಾಳೆಯಗಾರರು ಬಂದರೂ, ಬಿಟ್ಟ ಭೂಮಿಯನ್ನು ಕಿತ್ತುಕೊಳ್ಳುವುದು ಪಾಪವೆಂಬ ನಂಬಿಕೆ ಅದನ್ನು ಬಹುಮಟ್ಟಿಗೆ ಕಾಯುತ್ತಿತ್ತು. ಊರ ಓಲಗದವನಿಗೆ ಮಾನ್ಯದ ಹೊಲವಿದ್ದರೆ ಅವನು ಊರಿನಲ್ಲೇ ಇರುತ್ತಿದ್ದ, ಮಗನಿಗೆ ವಿದ್ಯೆ ಕಲಿಸುತ್ತಿದ್ದ.

ಅದಕ್ಕೊಂದು ದೋಷವೂ ಇತ್ತು, ಅದು ಸಣ್ಣದಲ್ಲ. ಭೂಮಿ ಕೊಟ್ಟವರು ಕಲಾವಿದನನ್ನು ಮಾತ್ರವಲ್ಲ, ಅವನ ವಂಶವನ್ನೇ ಕಟ್ಟಿಹಾಕಿದರು. ವಾದ್ಯ ನುಡಿಸುವುದು ಜಾತಿಯ ಕಸುಬಾಯಿತು. ನುಡಿಸಲಾರೆನೆನ್ನುವ ಸ್ವಾತಂತ್ರ್ಯ ಅವನಿಗಿರಲಿಲ್ಲ, ಕಲಿಯುತ್ತೇನೆನ್ನುವ ಸ್ವಾತಂತ್ರ್ಯ ಬೇರೆಯವನಿಗಿರಲಿಲ್ಲ. ದೇವದಾಸಿಯರ ಪಾಲಿಗಂತೂ ರಂಗಭೋಗ ಎಂಬುದು ಬದುಕನ್ನೇ ಒತ್ತೆಯಿಡುವ ವ್ಯವಸ್ಥೆಯಾಗಿ ಇಳಿಯಿತು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ.

ಸ್ವಾತಂತ್ರ್ಯಾನಂತರ ಇನಾಮು ರದ್ದತಿ ಕಾಯಿದೆಗಳು ಬಂದವು. ಮೈಸೂರು ರಾಜ್ಯದ 1954ರ ಕಾಯಿದೆ ವೈಯಕ್ತಿಕ ಇನಾಮುಗಳನ್ನೂ 1955ರ ಕಾಯಿದೆ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳನ್ನೂ ಮುಗಿಸಿದವು. ಉಳುವವನಿಗೆ ಭೂಮಿ ಸಿಗಬೇಕೆಂಬುದು ನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ದೇವಾಲಯಗಳಿಗೆ ಭೂಮಿಯ ಬದಲು ವರ್ಷಕ್ಕಿಷ್ಟೆಂದು 'ತಸ್ತೀಕು' ಹಣ ಬರತೊಡಗಿತು. ಭೂಮಿಯ ಹುಟ್ಟುವಳಿ ಧಾರಣೆಯ ಜೊತೆ ಏರುತ್ತದೆ. ಗೊತ್ತುಪಡಿಸಿದ ಮೊತ್ತ ತಾನಾಗಿ ಏರುವುದಿಲ್ಲ. ಪೂಜೆಗೆ, ದೀಪದ ಎಣ್ಣೆಗೆ ಸಾಕಾದರೆ ಪುಣ್ಯ ಎನ್ನುವಂಥ ತಸ್ತೀಕಿನಲ್ಲಿ ರಂಗಭೋಗಕ್ಕೆ ಉಳಿಯುವುದೇನು? ಭೂ ಸುಧಾರಣೆ ಒಂದು ಅನ್ಯಾಯವನ್ನು ತೊಡೆಯಿತು. ಅದರ ಜೊತೆಗೇ, ಯಾರೂ ಉದ್ದೇಶಿಸದಿದ್ದರೂ, ಕಲೆಯ ಹಳೆಯ ಸಂಬಳದ ಪಟ್ಟಿಯೂ ಅಳಿಸಿಹೋಯಿತು.

ಅರಮನೆಯ ಆಶ್ರಯ

ಊರಿನ ಮಟ್ಟದಲ್ಲಿ ಉಂಬಳಿಯಿದ್ದ ಕಾಲದಲ್ಲೇ ಮೈಸೂರಿನಲ್ಲಿ ಅರಮನೆಯ ಆಶ್ರಯವಿತ್ತು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಮಂಡಳಿ ಹುಟ್ಟಿತು. ಬಸವಪ್ಪಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರಿದ್ದರು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದೂ ಇದೇ ಅರಸರ ಕಾಲದಲ್ಲಿ.

ಈ ಆಶ್ರಯ ಉದಾರವಾಗಿತ್ತು, ಅಷ್ಟೇ ಅಸ್ಥಿರವೂ ಆಗಿತ್ತು. ಚಿತ್ರಕಾರ ಕೆ. ವೆಂಕಟಪ್ಪನವರ ಬದುಕು ಇದಕ್ಕೆ ಸಾಕ್ಷಿ. ಮೈಸೂರಿನ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ವೆಂಕಟಪ್ಪನವರು ನಾಲ್ವಡಿಯವರ ಇಚ್ಛೆಯಂತೆ ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು, ಕೆಲಸ ನಿಂತಿತು. ಸಲ್ಲಬೇಕಾದ ಹಣಕ್ಕಾಗಿ ಕಲಾವಿದ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಆಶ್ರಯ ಒಬ್ಬ ವ್ಯಕ್ತಿಯ ರಸಿಕತೆಯನ್ನು ನಂಬಿದಾಗ ಆ ವ್ಯಕ್ತಿಯ ಉಸಿರಿನೊಡನೆ ಅದೂ ನಿಲ್ಲುತ್ತದೆ. ಅದೇ ವೆಂಕಟಪ್ಪನವರ ಹೆಸರಿನಲ್ಲಿ ಸರ್ಕಾರ ಆಮೇಲೆ ಬೆಂಗಳೂರಿನಲ್ಲಿ ಕಲಾ ಗ್ಯಾಲರಿ ಕಟ್ಟಿಸಿತು.

ಟಿಕೆಟ್ಟಿನ ಪೋಷಣೆ

ಅರಮನೆಯ ಮಂಡಳಿ ಮೈಸೂರಿನಲ್ಲಿ ಬೆಳೆಯುತ್ತಿದ್ದ ದಿನಗಳಲ್ಲೇ, ಚಿಕ್ಕನಾಯಕನಹಳ್ಳಿಯ ನೆರೆ ತಾಲ್ಲೂಕಾದ ಗುಬ್ಬಿಯಲ್ಲಿ ಬೇರೊಂದು ಬಗೆಯ ಪ್ರಯೋಗ ನಡೆಯಿತು. ಗುಬ್ಬಿಯ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದ ಗೆಳೆಯರು 1884ರಲ್ಲಿ ಶ್ರೀ ಚನ್ನಬಸವೇಶ್ವರಸ್ವಾಮಿಯ ಹೆಸರಿನಲ್ಲಿ ನಾಟಕ ಸಂಘ ಕಟ್ಟಿದರು. ಮುಂದೆ ಅದರ ಒಡೆತನ ಹೊತ್ತ ಗುಬ್ಬಿ ವೀರಣ್ಣನವರು ಅದನ್ನು ದಕ್ಷಿಣ ಭಾರತದ ದೊಡ್ಡ ವೃತ್ತಿ ನಾಟಕ ಕಂಪನಿಗಳಲ್ಲಿ ಒಂದಾಗಿ ಬೆಳೆಸಿದರು. 1930ರ ದಶಕದ ಅವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬಂದವು.

ಈ ಕಂಪನಿಯ ಹಿಂದೆ ಉಂಬಳಿಯಿರಲಿಲ್ಲ. ನಾಲ್ಕಾಣೆ, ಎಂಟಾಣೆ ಕೊಟ್ಟು ನೆಲದ ಮೇಲೆ ಕುಳಿತ ಪ್ರೇಕ್ಷಕನೇ ಅದರ ದೊರೆ. ಅವನು ಒಂದು ಊರಿನಲ್ಲಿ ಕೈಬಿಟ್ಟರೆ ಪರದೆ, ಪೆಟ್ಟಿಗೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗಬೇಕು. ಆದರೂ ಈ ಕಂಪನಿ ಕಲೆಗೆ ಮಾಡಿದ್ದು ಯಾವ ಇಲಾಖೆಗೂ ಕಡಿಮೆಯಲ್ಲ. ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅಲ್ಲಿ ಪಳಗಿದರು. ದಕ್ಷಿಣ ಕನ್ನಡದ ಮಂಚಿಯಿಂದ ಓಡಿಬಂದ ಹುಡುಗ ಬಿ.ವಿ. ಕಾರಂತರಿಗೂ ಅಲ್ಲೇ ಆಸರೆ ಸಿಕ್ಕಿತು. ಅವರನ್ನು ಓದಲು ಕಾಶಿಗೆ ಕಳುಹಿಸಿದವರು ವೀರಣ್ಣನವರೇ.

ಮುಂದಿನ ಕಥೆ ಸರ್ಕಾರದ ಪಾತ್ರವನ್ನು ಕುರಿತು ಯೋಚಿಸುವವರು ಗಮನಿಸಬೇಕಾದದ್ದು. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, 1977ರಲ್ಲಿ ಅದರ ನಿರ್ದೇಶಕರಾದರು, ಭೋಪಾಲದ ಭಾರತ ಭವನದ ರಂಗಮಂಡಲವನ್ನು ಕಟ್ಟಿದರು. ಕರ್ನಾಟಕ ಸರ್ಕಾರ 1989ರಲ್ಲಿ ಮೈಸೂರಿನಲ್ಲಿ 'ರಂಗಾಯಣ' ಸ್ಥಾಪಿಸಿದಾಗ ಅದರ ಮೊದಲ ನಿರ್ದೇಶಕರೂ ಅವರೇ ಆದರು. ನಟರಿಗೆ ತಿಂಗಳ ಸಂಬಳ ಕೊಟ್ಟು ವರ್ಷವಿಡೀ ತಾಲೀಮು ನಡೆಸುವ ಸರ್ಕಾರಿ ರೆಪರ್ಟರಿಯನ್ನು ಕಟ್ಟಲು ಬೇಕಾದ ಮನುಷ್ಯನನ್ನು ಮೊದಲು ಸಾಕಿದ್ದು ಟಿಕೆಟ್ಟಿನ ಹಣದಿಂದ ನಡೆದ ಗುಬ್ಬಿ ಕಂಪನಿ. ಸರ್ಕಾರದ ಹಣ ಫಲ ಕೊಟ್ಟದ್ದು ಮೊದಲೇ ಹದವಾಗಿದ್ದ ಮಣ್ಣಿನಲ್ಲಿ.

ಅಕಾಡೆಮಿಗಳು ಬಂದವು

ಸಂಸ್ಥಾನಗಳು ವಿಲೀನವಾದ ಮೇಲೆ ಅರಸರು ಹೊತ್ತಿದ್ದ ಹೊಣೆ ಗಣರಾಜ್ಯದ ಮೇಲೆ ಬಿತ್ತು. ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ 1953ರಲ್ಲೂ ಸಾಹಿತ್ಯ ಮತ್ತು ಲಲಿತ ಕಲಾ ಅಕಾಡೆಮಿಗಳು 1954ರಲ್ಲೂ ಉದ್ಘಾಟನೆಯಾದವು. ಗುಬ್ಬಿ ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 1972ರಲ್ಲಿ ಪದ್ಮಶ್ರೀ. ಅದೇ ವರ್ಷ ಅವರು ತೀರಿಕೊಂಡರು.

ಮೈಸೂರು ರಾಜ್ಯ ಸಂಗೀತ ನಾಟಕ ಅಕಾಡೆಮಿ 1959ರಲ್ಲಿ ಹುಟ್ಟಿತು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1977ರಲ್ಲಿ ರೂಪುಗೊಂಡಿತು. ಜಾನಪದ ಮತ್ತು ಯಕ್ಷಗಾನ ಅಕಾಡೆಮಿ 1980ರಲ್ಲಿ ಬಂತು. 2007ರಲ್ಲಿ ಅದು ಎರಡಾಗಿ ಯಕ್ಷಗಾನ ಬಯಲಾಟಕ್ಕೆ ಪ್ರತ್ಯೇಕ ಅಕಾಡೆಮಿ ಆಯಿತು. ಪ್ರಶಸ್ತಿ, ಶಿಬಿರ, ಪುಸ್ತಕ, ಧ್ವನಿಮುದ್ರಣ, ವಯಸ್ಸಾದ ಕಲಾವಿದರಿಗೆ ಮಾಸಾಶನ, ಸಂಘಗಳಿಗೆ ಅನುದಾನ, ಹೀಗೆ ನೆರವಿನ ದಾರಿಗಳು ಹಲವಾದವು.

ಇಲ್ಲಿ ಹೊರಗಿನ ಒಂದು ಹೋಲಿಕೆ ಉಪಯುಕ್ತ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಲಾ ಮಂಡಳಿ ಹುಟ್ಟಿದಾಗ ಅದರ ಕಲ್ಪನೆಯ ಹಿಂದಿದ್ದವರು ಅರ್ಥಶಾಸ್ತ್ರಜ್ಞ ಕೇನ್ಸ್. ಹಣ ಸರ್ಕಾರದ್ದು, ತೀರ್ಮಾನ ಮಾತ್ರ ಸರ್ಕಾರದ ಕೈಗೆ ಸಿಗದ ದೂರದಲ್ಲಿರಬೇಕು ಎಂಬುದು ಅಲ್ಲಿನ ನೀತಿ. ನಮ್ಮ ಅಕಾಡೆಮಿಗಳನ್ನು ಸ್ವಾಯತ್ತವೆಂದು ಕರೆದದ್ದೂ ಇದೇ ಆಶಯದಿಂದ. ಆದರೆ ಕರ್ನಾಟಕದಲ್ಲಿ 2019ರಲ್ಲಿ ಸರ್ಕಾರ ಬದಲಾದಾಗ ಅಕಾಡೆಮಿಗಳ ಅಧ್ಯಕ್ಷರ, ಸದಸ್ಯರ ನೇಮಕಗಳು ರದ್ದಾದವು. 2023ರಲ್ಲಿ ಮತ್ತೆ ಸರ್ಕಾರ ಬದಲಾದಾಗಲೂ ಅದೇ ಆಯಿತು. ಹೊಸ ಅಧ್ಯಕ್ಷರು ಬಂದದ್ದು 2024ರಲ್ಲಿ. ಪಕ್ಷ ಯಾವುದೇ ಇರಲಿ, ಪದ್ಧತಿ ಒಂದೇ. ರಾಜನ ಉಸಿರಿನ ಜೊತೆ ನಿಲ್ಲುತ್ತಿದ್ದ ಆಶ್ರಯ ಈಗ ಚುನಾವಣೆಯ ಫಲಿತಾಂಶದ ಜೊತೆ ನಿಂತು ಮುಂದೆ ಸಾಗುತ್ತದೆ.

ಊರೇ ಕಟ್ಟಿದ ಆಟ

ಈ ಅಕಾಡೆಮಿಗಳ ಬಾಗಿಲು ತೆಂಗಿನ ಸೀಮೆಗೆ ತೆರೆದದ್ದು ಮುಖ್ಯವಾಗಿ ಮೂಡಲಪಾಯ ಯಕ್ಷಗಾನದ ಮೂಲಕ. ಕರಾವಳಿಯ ಮೇಳಗಳಂತೆ ಮೂಡಲಪಾಯ ವೃತ್ತಿಯಾಗಿ ಬೆಳೆದದ್ದಲ್ಲ. ಹೊಲ ತೋಟದ ಕೆಲಸ ಮುಗಿಸಿ ಬಂದ ರೈತರೇ ವೇಷಧಾರಿಗಳು. ಭಾಗವತರು ಊರಿಗೆ ಬಂದು ತಿಂಗಳುಗಟ್ಟಲೆ ಪದ, ಕುಣಿತ, ಅರ್ಥ ಹೇಳಿಕೊಡುತ್ತಿದ್ದರು. ಮದ್ದಳೆ, ತಾಳಗಳ ಜೊತೆ ಮುಖವೀಣೆಯ ದನಿ ಈ ಆಟದ ಗುರುತು. ಮರದ ಕಿರೀಟ, ಭುಜಕೀರ್ತಿ ಧರಿಸಿ 'ಕರಿಭಂಟನ ಕಾಳಗ'ದಂಥ ಪ್ರಸಂಗಗಳನ್ನು ರಾತ್ರಿಯಿಡೀ ಆಡುತ್ತಿದ್ದರು. ಅದರ ಖರ್ಚು ಹುಟ್ಟುತ್ತಿದ್ದದ್ದು ಊರಲ್ಲೇ ಎತ್ತಿದ ಚಂದಾದಿಂದ.

ವಿದ್ವಾಂಸರು ಈ ಆಟದತ್ತ ಕಣ್ಣು ಹಾಯಿಸಿದ್ದು ತಡವಾಗಿ. ಜೀ.ಶಂ. ಪರಮಶಿವಯ್ಯನವರು ಮೂಡಲಪಾಯವನ್ನು ಕುರಿತು ಬರೆದು, ಪ್ರಸಂಗಗಳನ್ನು ಸಂಗ್ರಹಿಸಿ, ಅದಕ್ಕೆ ಓದಿದವರ ನಡುವೆ ಹೆಸರು ತಂದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತು ಸಂಗ್ರಹಾಲಯ 1968ರಲ್ಲಿ ಆರಂಭವಾಯಿತು. ಆಡಳಿತಾಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ 'ಜಾನಪದ ಲೋಕ' 1994ರಲ್ಲಿ ತೆರೆಯಿತು. ಕಿರೀಟ, ಭುಜಕೀರ್ತಿಗಳು ಗಾಜಿನ ಪೆಟ್ಟಿಗೆಯಲ್ಲಿ ಉಳಿದವು. ಪದಗಳು ಧ್ವನಿಸುರುಳಿಯಲ್ಲಿ ಉಳಿದವು. ಸರ್ಕಾರಿ, ಅರೆಸರ್ಕಾರಿ ನೆರವು ಚೆನ್ನಾಗಿ ಮಾಡಬಲ್ಲ ಕೆಲಸ ಇದು. ತಿಂಗಳುಗಟ್ಟಲೆ ಊರಲ್ಲಿ ಉಳಿದು ಕಲಿಸುವ ಭಾಗವತರನ್ನು ಮತ್ತೆ ಹುಟ್ಟಿಸುವುದು ಮಾತ್ರ ಇದಕ್ಕಿಂತ ಕಷ್ಟದ ಕೆಲಸ. ಅದನ್ನು ಮೂರು ದಿನದ ಶಿಬಿರ ಮಾಡಲಾರದು.

ಅಷ್ಟರಲ್ಲಿ ಹಳ್ಳಿಯ ಮನಸ್ಸು ಕಂಪನಿ ನಾಟಕದತ್ತ ವಾಲಿತ್ತು. ಮದ್ದಳೆಯ ಜಾಗಕ್ಕೆ ತಬಲ, ಮುಖವೀಣೆಯ ಜಾಗಕ್ಕೆ ಹಾರ್ಮೋನಿಯಂ, ಭಾಗವತರ ಜಾಗಕ್ಕೆ ನಾಟಕದ ಮಾಸ್ತರು ಬಂದರು. ಕಂಪನಿಗಳು ಒಂದೊಂದಾಗಿ ಮುಚ್ಚಿದರೂ ಅವುಗಳ ಕಂದಗಳು, ರಂಗಗೀತೆಗಳು, ಪರದೆಗಳು ಹಳ್ಳಿಗಳಲ್ಲಿ ಉಳಿದವು. ಊರಿನ ಆಸಕ್ತರು ಸೇರಿ ಮಾಸ್ತರನ್ನು ಗೊತ್ತು ಮಾಡುತ್ತಾರೆ. ಪಾತ್ರಗಳಿಗೆ ದರ ಕಟ್ಟುತ್ತಾರೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು. ಶಕುನಿ, ಕರ್ಣ, ಅರ್ಜುನರಿಗೆ ಅವರವರ ಹಾಡು, ಮಾತಿನ ತೂಕದಂತೆ. ಸಣ್ಣ ಪಾತ್ರಗಳಿಗೆ ಕಡಿಮೆ. ಬಯಸುವವರು ಹೆಚ್ಚಿದ್ದರೆ ಕೃಷ್ಣ ಇಬ್ಬರ ಪಾಲಾಗುವುದೂ ಉಂಟು. ಆ ಹಣದಲ್ಲಿ ಮಾಸ್ತರ ಸಂಭಾವನೆ, ಸೀನರಿ, ದೀಪ, ಧ್ವನಿವರ್ಧಕ, ಪ್ರಸಾಧನ ಎಲ್ಲ ಸಾಗಬೇಕು. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಕ್ಕೆ ಮಾತ್ರ ಸಂಭಾವನೆ ಕೊಟ್ಟು ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ.

ಲೋಕದ ಇತರ ಕಡೆ ಸರ್ಕಾರ ಕಲಾವಿದನನ್ನು ಪೋಷಿಸಬೇಕೇ ಬೇಡವೇ ಎಂಬ ಚರ್ಚೆ ನಡೆದಿದೆ. ಇಲ್ಲಿ ಕಲಾವಿದನೇ ಪೋಷಕ. ಬಡ ರೈತನೂ ಒಂದು ರಾತ್ರಿ ಕಿರೀಟ ಧರಿಸಲು ಹಣ ಕೂಡಿಡುತ್ತಾನೆ. ಆ ಹಣ ಎಲ್ಲಿಂದ ಬರಬೇಕು? ತೋಟದಿಂದ, ಕೊಬ್ಬರಿಯಿಂದ. ಆದ್ದರಿಂದ ಈ ಸೀಮೆಯಲ್ಲಿ ಕಲೆಗೆ ಸರ್ಕಾರದ ಬೆಂಬಲದ ಮಾತು ಕೊಬ್ಬರಿಗೆ ಬೆಂಬಲ ಬೆಲೆಯ ಮಾತೂ ಹೌದು. ತಿಪಟೂರು ಮಾರುಕಟ್ಟೆಯಲ್ಲಿ 2023ರಲ್ಲಿ ಉಂಡೆ ಕೊಬ್ಬರಿಯ ಧಾರಣೆ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದಾಗ ರೈತರು ಹೋರಾಟಕ್ಕಿಳಿದರು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಪಡಿಸಿತು. ಧಾರಣೆ ಬಿದ್ದ ವರ್ಷ ದುರ್ಯೋಧನನ ಗದೆಗೂ ಚಂದಾ ಪಟ್ಟಿಗೂ ಒಟ್ಟಿಗೆ ಭಾರ ತಗ್ಗುವುದು ಸಹಜ. ಕಲೆಯ ಲೆಕ್ಕವನ್ನು ಸಂಸ್ಕೃತಿ ಇಲಾಖೆಯ ಪುಸ್ತಕದಲ್ಲಿ ಮಾತ್ರ ಹುಡುಕಿದರೆ ಇದು ಕಾಣಿಸುವುದಿಲ್ಲ.

ಕೊಡುವ ಕೈ, ತಡೆಯುವ ಕೈ

ಸರ್ಕಾರ ಪೋಷಕನಾಗುವ ಮೊದಲೇ ಕಾವಲುಗಾರನಾಗಿತ್ತು. ಬ್ರಿಟಿಷ್ ಸರ್ಕಾರ ನಾಟಕಗಳ ಮೇಲೆ ಕಣ್ಣಿಡಲು 1876ರಲ್ಲೇ ಕಾಯಿದೆ ಮಾಡಿತ್ತು. ಆ ಭಯ ಈಗ ಹಳ್ಳಿಗಿಲ್ಲ. ಈಗಿನ ತೊಡಕು ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಎತ್ತಿಹಿಡಿಯಿತು. ರೋಗಿಗಳು, ಮಕ್ಕಳು, ಪರೀಕ್ಷೆಗೆ ಓದುವವರ ನಿದ್ದೆಯನ್ನು ಕಾಯುವ ನಿಯಮ ಬೇಕಾದದ್ದೇ. ಆದರೆ ಮೂಡಲಪಾಯವೂ ಕುರುಕ್ಷೇತ್ರವೂ ಹುಟ್ಟಿನಿಂದಲೇ ಬೆಳಗಿನ ಜಾವಕ್ಕೆ ಮುಗಿಯುವ ಕಲೆಗಳು. ಗದಾಯುದ್ಧ ಬರುವ ಹೊತ್ತಿಗೆ ಕೋಳಿ ಕೂಗುವುದು ಇಲ್ಲಿನ ಲೆಕ್ಕ. ಒಂದು ಇಲಾಖೆ ಅನುದಾನ ಕೊಟ್ಟ ಆಟವನ್ನು ಇನ್ನೊಂದು ಇಲಾಖೆ ನಡುರಾತ್ರಿ ನಿಲ್ಲಿಸಬೇಕಾದ ಸ್ಥಿತಿ ಇಂದಿನದು. ಕಡಿಮೆ ದನಿಯ, ಬಯಲಿಗೆ ಸೀಮಿತವಾದ ಧ್ವನಿ ವ್ಯವಸ್ಥೆಯೋ, ಊರ ಹೊರಗಿನ ರಂಗಸ್ಥಳವೋ ಇಬ್ಬರ ಹಕ್ಕನ್ನೂ ಕಾಯಬಲ್ಲದು. ಅದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ, ಸ್ವಲ್ಪ ಯೋಚನೆ.

ಪಾತ್ರಕ್ಕೆ ಹಣ ಕೊಡುವ ರೈತನಿಗೆ ನಾಟಕ ಹವ್ಯಾಸ. ನಿಂತರೂ ಅವನ ಒಲೆ ಉರಿಯುತ್ತದೆ. ಮಾಸ್ತರು, ತಬಲದವರು, ಸೀನರಿಯವರು, ದ್ರೌಪದಿಯಾಗುವ ಕಲಾವಿದೆ ಇವರ ಒಲೆ ನಾಟಕವಿದ್ದರೆ ಮಾತ್ರ ಉರಿಯುತ್ತದೆ. 2020ರಲ್ಲಿ ಕೊರೊನಾ ಬಂದು ಜಾತ್ರೆಗಳು ನಿಂತಾಗ ಈ ವ್ಯತ್ಯಾಸ ಬೆಳಕಿಗೆ ಬಂತು. ರಾಜ್ಯ ಸರ್ಕಾರ ಕಲಾವಿದರಿಗೆ 2020ರಲ್ಲಿ 2,000 ರೂಪಾಯಿ, 2021ರಲ್ಲಿ 3,000 ರೂಪಾಯಿ ನೆರವು ಪ್ರಕಟಿಸಿತು. ಮೊತ್ತ ಸಣ್ಣದಾದರೂ ಇವರೂ ದುಡಿಯುವ ಜನ ಎಂದು ಒಪ್ಪಿದ ಹೆಜ್ಜೆ ಅದು. ಅದನ್ನು ಪಡೆಯಲು ಕಲಾವಿದನೆಂದು ತೋರಿಸುವ ದಾಖಲೆ ಬೇಕು. ಮಾಸಾಶನಕ್ಕೂ ಅಷ್ಟೆ. ನೂರಾರು ಕೃಷ್ಣರನ್ನು ತಯಾರು ಮಾಡಿದ ಮಾಸ್ತರ ಬಳಿ ಇರುವುದು ಹಳೆಯ ಕರಪತ್ರಗಳ ಕಟ್ಟು ಮಾತ್ರ. ಪ್ರಮಾಣಪತ್ರವನ್ನು ಕೊಡುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ.

ಉಂಬಳಿಯ ಕಾಲ ಮತ್ತೆ ಬರಬಾರದು. ಅದು ಕಲೆಯನ್ನು ಕಾದರೂ ಕಲಾವಿದನನ್ನು ಬಂಧಿಸಿತ್ತು. ಆದರೆ ಉಂಬಳಿಯಲ್ಲಿದ್ದ ಒಂದು ತಿಳಿವಳಿಕೆ ಉಳಿಯಬೇಕಾದದ್ದು. ಅದು ಒಂದು ರಾತ್ರಿಯ ಪ್ರದರ್ಶನಕ್ಕೆ ಹಣ ಕೊಡುತ್ತಿರಲಿಲ್ಲ. ಕಲಿತವನು ಊರಲ್ಲೇ ನೆಲೆಸಿ ಇನ್ನೊಬ್ಬನಿಗೆ ಕಲಿಸಲು ಬೇಕಾದ ನೆಲೆ ಕೊಡುತ್ತಿತ್ತು. ಅನುದಾನಗಳು ಹೆಚ್ಚಾಗಿ ಕಾರ್ಯಕ್ರಮಗಳಿಗೆ ಸಲ್ಲುತ್ತವೆ. ವೇದಿಕೆ, ಶಾಮಿಯಾನ, ಹಾರ ತುರಾಯಿಗಳಲ್ಲಿ ಕರಗುತ್ತವೆ. ಆಡುವವರಿಗೆ ತೆಂಗಿನ ಸೀಮೆಯಲ್ಲಿ ಸರ್ಕಾರ ಹಣ ಕೊಡಬೇಕಿಲ್ಲ, ಅವರೇ ಕೊಟ್ಟುಕೊಳ್ಳುತ್ತಾರೆ. ಕಲಿಸುವವರಿಗೆ ಕೊಡಬೇಕು. ಹೋಬಳಿಗೊಬ್ಬ ಮಾಸ್ತರು, ಒಬ್ಬ ಭಾಗವತರು ಜಾತಿಯ ಹಂಗಿಲ್ಲದೆ ಬಂದ ಹುಡುಗ ಹುಡುಗಿಯರಿಗೆ ವರ್ಷವಿಡೀ ಹೇಳಿಕೊಡುವಂತಾಗಿ, ಅವರಿಗೆ ತಿಂಗಳ ಸಂಬಳ ತಪ್ಪದೆ ಬಂದರೆ, ಮುಂದಿನ ಆಟದ ಖರ್ಚನ್ನು ಕಂದಿಕೆರೆಯಂಥ ಊರುಗಳು ಎಂದಿನಂತೆ ತಾವೇ ನೋಡಿಕೊಳ್ಳುತ್ತವೆ.